ರೆಗೆ ರಿಕಾರ್ಡಿನ ಹಿಂಬದಿ ಕೇಳೋಣ ಬನ್ನಿ



ರೆಗೆ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಒಂದು ಮುಖ. ಜಡೆಗಟ್ಟಿದ ಕೂದಲು, ಹಿಂದೆ ಕೆಂಪು, ಹಳದಿ, ಹಸಿರು ಪಟ್ಟಿ. ಮುಂಬಯಿಯ ಫ್ಯಾಷನ್ ಸ್ಟ್ರೀಟಿನ ಟಿ-ಶರ್ಟಿನಿಂದ ಹಿಡಿದು ಗೋವಾದ ಕಡಲತೀರದ ತನಕ ಬಾಬ್ ಮಾರ್ಲಿ (1945-1981) ನಮಗೆಲ್ಲ ಚಿತ್ರವಾಗಿ ಪರಿಚಿತರು. ಅವರ ನಾಲ್ಕೈದು ಹಾಡುಗಳೂ ಪರಿಚಿತ. ಅದರಾಚೆ ಹೋದರೆ ಕೇಳಿಬರುವ ಮಾತು ಒಂದೇ: “ರೆಗೆ ಎಲ್ಲ ಒಂದೇ ಥರ ಕೇಳಿಸುತ್ತಲ್ಲ!”

ಈ ದೂರು ಪೂರ್ತಿ ಸುಳ್ಳಲ್ಲ. ನಮ್ಮ ಕಿವಿ ಪಳಗಿರುವುದು ಹಾಡುಗಾರರ ದನಿಗೆ. ಸಾಹಿತ್ಯ ಏನು, ರಾಗ ಏನು, ದನಿ ಹೇಗಿದೆ ಎಂದು ಕೇಳುತ್ತೇವೆ. ಹಿಂದೆ ನುಡಿಯುವ ವಾದ್ಯಗಳು ನಮಗೆ ‘ಹಿನ್ನೆಲೆ’. ಜಮೈಕಾದ ಹಳೆಯ ರಿಕಾರ್ಡುಗಳನ್ನು ಹಾಗೆ ಕೇಳಿದರೆ ಅರ್ಧ ಮಾತ್ರ ಕೇಳಿದ ಹಾಗೆ. ಅಲ್ಲಿ ಕೆಲಸ ನಡೆದಿರುವುದು ದನಿಯ ಕೆಳಗೆ. ‘ಡಬ್’ ಎಂಬ ಪ್ರಕಾರದಲ್ಲಂತೂ ಹಾಡುಗಾರರನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡುಬಿಡುತ್ತಾರೆ! ಈ ಸಲ ಆ ಬಾಗಿಲು ತೆಗೆದು ಒಳಗೆ ಹೋಗಿ ನೋಡೋಣ.

ಮೊದಲು ತಾಳದಿಂದ ಶುರು ಮಾಡೋಣ. ಒಂದು, ಎರಡು, ಮೂರು, ನಾಲ್ಕು ಎಂದು ನಿಧಾನವಾಗಿ ಎಣಿಸಿ. ಸಿನಿಮಾ ಹಾಡಿರಲಿ, ಪಾಪ್ ಹಾಡಿರಲಿ, ದೊಡ್ಡ ಡ್ರಮ್ಮಿನ ಗುದ್ದು ಸಾಮಾನ್ಯವಾಗಿ ಬೀಳುವುದು ‘ಒಂದು’ ಎಂಬಲ್ಲಿ. ರೆಗೆಯಲ್ಲಿ ಆ ‘ಒಂದು’ ಖಾಲಿ. ಗುದ್ದು ಬೀಳುವುದು ‘ಮೂರು’ ಎಂಬಲ್ಲಿ. ಇದಕ್ಕೆ ಅವರು ‘ಒನ್ ಡ್ರಾಪ್’ ಎನ್ನುತ್ತಾರೆ. ‘ಎರಡು’ ಮತ್ತು ‘ನಾಲ್ಕ’ರ ಮೇಲೆ ಗಿಟಾರು ಚಕ್, ಚಕ್ ಎಂದು ಕತ್ತರಿಸುತ್ತದೆ. ಹಿಂದುಸ್ತಾನಿ ಸಂಗೀತ ಕೇಳುವ ಪುಣೆ, ಧಾರವಾಡದ ಕಿವಿಗಳಿಗೆ ಇದು ತೀರಾ ಹೊಸದಲ್ಲ. ಏಳು ಮಾತ್ರೆಯ ರೂಪಕ ತಾಳದಲ್ಲಿ ಸಮವೇ ಖಾಲಿ ಅಲ್ಲವೇ? ಕಾಲಿಡಬೇಕಾದ ಜಾಗದಲ್ಲಿ ಮೆಟ್ಟಿಲೇ ಇಲ್ಲ ಎನ್ನಿಸುವ ಆ ಸಣ್ಣ ತೂಗಾಟ ರೆಗೆಯಲ್ಲಿ ಉದ್ದಕ್ಕೂ ಇರುತ್ತದೆ. (ಎಲ್ಲ ರೆಗೆಯೂ ಹೀಗೇ ಎನ್ನುವಂತಿಲ್ಲ. 1970ರ ದಶಕದ ನಡುವಿನಿಂದ ಸ್ಲೈ ಡನ್‌ಬಾರ್ ಮೊದಲಾದ ಡ್ರಮ್ಮರ್‌ಗಳು ಬಿರುಸಾದ ಬೇರೆ ನಡೆಗಳನ್ನೂ ತಂದರು.)

ಆ ಖಾಲಿ ಜಾಗದಲ್ಲಿ ಓಡಾಡುವುದು ಬಾಸ್ ಗಿಟಾರ್. ಬೇರೆ ಕಡೆ ಬಾಸ್ ಎಂದರೆ ಹಾಡಿಗೆ ಕೊಡುವ ಆಸರೆ. ಇಲ್ಲಿ ಅದೇ ರಾಗ ಹಾಡುತ್ತದೆ. ನಾಲ್ಕಾರು ಸ್ವರ ನುಡಿಸಿ ಸುಮ್ಮನಾಗುತ್ತದೆ, ಮತ್ತೆ ಅದನ್ನೇ ನುಡಿಸುತ್ತದೆ. ಒಂದು ರೆಗೆ ಹಾಡನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಬಾಸ್ ಸಾಲಿನಿಂದಲೇ. ನಾಲ್ಕು ದಿನ ಬಾಸ್ ಒಂದನ್ನೇ ಹಿಡಿದು ಕೇಳಿ ನೋಡಿ, “ಒಂದೇ ಥರ” ಎಂಬ ದೂರು ತಾನಾಗಿ ಕಡಿಮೆಯಾಗುತ್ತದೆ.

ಈ ಬಾಸ್ ಪ್ರೀತಿ ಬಂದದ್ದು ಬೀದಿಯಿಂದ. ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಅದಕ್ಕೂ ಮೊದಲು, 1950ರ ದಶಕದಲ್ಲೇ, ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ‘ಸೌಂಡ್ ಸಿಸ್ಟಮ್’ಗಳು ಹುಟ್ಟಿದ್ದವು. ನಮ್ಮ ಗಣೇಶೋತ್ಸವದ ಮೈಕ್ ಸೆಟ್ಟನ್ನು ಹತ್ತು ಪಟ್ಟು ದೊಡ್ಡದು ಮಾಡಿ ಊಹಿಸಿಕೊಳ್ಳಿ: ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಕೈಯಿಂದ ಕಟ್ಟಿದ ಆಂಪ್ಲಿಫೈಯರು, ಬಯಲಿನಲ್ಲಿ ರಾತ್ರಿಯಿಡೀ ಕುಣಿತ. ದ್ವೀಪದ ರೇಡಿಯೋದಲ್ಲಿ ಬಡವರ ಸಂಗೀತಕ್ಕೆ ಜಾಗ ಕಡಿಮೆ ಇತ್ತು (ನಾವು ರೇಡಿಯೋದವರು ಇದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು). ಹಾಗಾಗಿ ಹಾಡು ಗೆಲ್ಲುವುದು, ಸೋಲುವುದು ಈ ಬಯಲುಗಳಲ್ಲೇ ತೀರ್ಮಾನವಾಗುತ್ತಿತ್ತು.

ಸೌಂಡ್ ಸಿಸ್ಟಮ್ ಮಾಲೀಕರಲ್ಲಿ ದೊಡ್ಡ ಹೆಸರು ಎರಡು. ಒಬ್ಬರು ಡ್ಯೂಕ್ ರೀಡ್, ಮೊದಲು ಪೊಲೀಸ್ ಆಗಿದ್ದವರು. ಆಮೇಲೆ ಬಾಂಡ್ ಸ್ಟ್ರೀಟಿನಲ್ಲಿ ತಮ್ಮ ಹೆಂಡದಂಗಡಿಯ ಮೇಲೆಯೇ ‘ಟ್ರೆಷರ್ ಐಲ್’ ಸ್ಟುಡಿಯೋ ಕಟ್ಟಿದರು. ಇನ್ನೊಬ್ಬರು ಕ್ಲೆಮೆಂಟ್ ‘ಕಾಕ್ಸನ್’ ಡಾಡ್ (1932-2004), ‘ಸ್ಟುಡಿಯೋ ಒನ್’ ಸ್ಥಾಪಕರು. ಅಂದ ಹಾಗೆ, ‘ಕಾಕ್ಸನ್’ ಎಂಬುದು ಅವರ ನಿಜವಾದ ಹೆಸರಲ್ಲ. ಶಾಲೆಯಲ್ಲಿ ಕ್ರಿಕೆಟ್ ಚೆನ್ನಾಗಿ ಆಡುತ್ತಿದ್ದರೆಂದು ಇಂಗ್ಲೆಂಡಿನ ಯಾರ್ಕ್‌ಷೈರ್ ತಂಡದ ಅಲೆಕ್ ಕಾಕ್ಸನ್ ಹೆಸರನ್ನು ಗೆಳೆಯರು ಅಂಟಿಸಿದ್ದು! ಕ್ರಿಸ್ ಗೇಲ್ ಬೆಂಗಳೂರು ತಂಡಕ್ಕೆ ಆಡುವಾಗ ನಾವು ಚಪ್ಪಾಳೆ ತಟ್ಟಿದೆವಲ್ಲ, ಅವರೂ ಇದೇ ಕಿಂಗ್‌ಸ್ಟನ್ನಿನವರು.

ಇವರ ನಡುವಿನ ಪೈಪೋಟಿ ಎಷ್ಟಿತ್ತು ಗೊತ್ತೇ? ಅಮೆರಿಕದಿಂದ ತಂದ ರಿಕಾರ್ಡಿನ ಲೇಬಲ್ಲನ್ನು ಉಜ್ಜಿ ಅಳಿಸಿಬಿಡುತ್ತಿದ್ದರು, ಎದುರಾಳಿಗೆ ಹಾಡಿನ ಹೆಸರು ತಿಳಿಯಬಾರದೆಂದು. ಸ್ಯಾಕ್ಸೊಫೋನ್ ವಾದಕ ವಿಲ್ಲಿಸ್ ಜಾಕ್ಸನ್ ಅವರ ಒಂದು ರಿಕಾರ್ಡು ಕಿಂಗ್‌ಸ್ಟನ್ನಿನಲ್ಲಿ ‘ಕಾಕ್ಸನ್ ಹಾಪ್’ ಎಂಬ ಹೆಸರಿನಲ್ಲೇ ಪ್ರಸಿದ್ಧವಾಗಿತ್ತು. ಬಾರಿಸಿದವರ ಹೆಸರು ಹೋಗಿ ಹಾಕಿದವರ ಹೆಸರು ಉಳಿದದ್ದು! ಇದನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಅಮೆರಿಕದ ಸರಕು ಸಾಲದಾದಾಗ ಇವರು ತಾವೇ ಹಾಡು ಧ್ವನಿಮುದ್ರಿಸತೊಡಗಿದರು. 1960ರ ದಶಕದ ಮೊದಲಲ್ಲಿ ಓಡುನಡೆಯ ‘ಸ್ಕಾ’. 1966ರ ಸುಮಾರಿಗೆ ಅದು ನಿಧಾನವಾಗಿ ‘ರಾಕ್‌ಸ್ಟೆಡಿ’. 1968ರ ಹೊತ್ತಿಗೆ ‘ರೆಗೆ’. ನಡೆ ನಿಧಾನವಾದಷ್ಟೂ ಪೆಟ್ಟು ಪೆಟ್ಟಿನ ನಡುವೆ ಜಾಗ ಸಿಕ್ಕಿತು. ಜಾಗ ಸಿಕ್ಕಷ್ಟೂ ಬಾಸ್ ಬೆಳೆಯಿತು.

ಈಗ ಡಬ್‌ಗೆ ಬರೋಣ. 1967-68ರ ಸುಮಾರಿನ ಒಂದು ಪ್ರಸಂಗ ಜಮೈಕಾದಲ್ಲಿ ಎಲ್ಲರೂ ಹೇಳುವಂಥದ್ದು. ಸ್ಪ್ಯಾನಿಷ್ ಟೌನ್‌ನಲ್ಲಿ ರಡ್ಡಿ ರೆಡ್‌ವುಡ್ ಎಂಬವರ ಸೌಂಡ್ ಸಿಸ್ಟಮ್ ಇತ್ತು. ಡ್ಯೂಕ್ ರೀಡ್ ಸ್ಟುಡಿಯೋದಲ್ಲಿ ಅವರಿಗಾಗಿ ಪ್ಯಾರಗನ್ಸ್ ತಂಡದ ‘ಆನ್ ದ ಬೀಚ್’ ಹಾಡಿನ ಒಂದು ಪ್ರತಿ ಕತ್ತರಿಸುವಾಗ ಎಂಜಿನಿಯರ್ ಬೈರನ್ ಸ್ಮಿತ್ ಹಾಡುಗಾರರ ದನಿಯ ಫೇಡರ್ ಏರಿಸಲು ಮರೆತರು. ಬರೀ ವಾದ್ಯ! ರೆಡ್‌ವುಡ್ ಅದನ್ನು ಬಿಸಾಡಲಿಲ್ಲ. ರಾತ್ರಿ ಕುಣಿತದಲ್ಲಿ ಮೊದಲು ಹಾಡು ಹಾಕಿದರು, ಆಮೇಲೆ ಈ ದನಿಯಿಲ್ಲದ್ದನ್ನು ಹಾಕಿದರು. ಬಯಲಿನಲ್ಲಿದ್ದ ಜನರೆಲ್ಲ ತಾವೇ ಹಾಡತೊಡಗಿದರು.

ಆಮೇಲಿನದ್ದು ವ್ಯಾಪಾರದ ಲೆಕ್ಕ. ಏಳು ಅಂಗುಲದ ರಿಕಾರ್ಡಿಗೆ ಎರಡು ಬದಿ. ಹಿಂಬದಿಗೆ ಇನ್ನೊಂದು ಹಾಡು ಮಾಡಿಸಬೇಕಾದರೆ ಖರ್ಚು. ಮುಂಬದಿಯದನ್ನೇ ದನಿ ತೆಗೆದು ಹಾಕಿದರೆ ಖರ್ಚಿಲ್ಲ, ಸೌಂಡ್ ಸಿಸ್ಟಮ್‌ನವರಿಗೂ ಅದೇ ಬೇಕು. ಹೀಗೆ ಹಿಂಬದಿಯಲ್ಲಿ ‘ವರ್ಷನ್’ ಎಂದು ಅಚ್ಚು ಹಾಕುವುದು ರೂಢಿಯಾಯಿತು.

‘ವರ್ಷನ್’ ಎಂಬ ಈ ಉಳಿತಾಯದ ಉಪಾಯವನ್ನು ಕಲೆಯಾಗಿ ಮಾಡಿದವರು ಸಂಗೀತಗಾರರಲ್ಲ, ಒಬ್ಬ ರಿಪೇರಿಯವರು. ಓಸ್ಬೋರ್ನ್ ರಡಕ್ (1941-1989), ಎಲ್ಲರ ಬಾಯಲ್ಲಿ ಕಿಂಗ್ ಟಬ್ಬಿ. ರೇಡಿಯೋ ಮುಂತಾದ ವಿದ್ಯುತ್ ಸಾಮಾನು ದುರಸ್ತಿ ಮಾಡುವುದು, ಟ್ರಾನ್ಸ್‌ಫಾರ್ಮರ್ ಸುತ್ತುವುದು, ಸೌಂಡ್ ಸಿಸ್ಟಮ್‌ಗಳಿಗೆ ಆಂಪ್ಲಿಫೈಯರ್ ಕಟ್ಟಿಕೊಡುವುದು ಅವರ ಕಸುಬು. ಡ್ಯೂಕ್ ರೀಡ್ ಹತ್ತಿರ ರಿಕಾರ್ಡು ಕತ್ತರಿಸುವ ಕೆಲಸವನ್ನೂ ಮಾಡಿದ್ದರು. ವಾಟರ್‌ಹೌಸ್ ಎಂಬ ಬಡಾವಣೆಯ ಪುಟ್ಟ ಮನೆಯಲ್ಲಿ ಅವರ ಸ್ಟುಡಿಯೋ. ವಾದ್ಯಗಾರರು ಕೂತು ನುಡಿಸಲು ಅಲ್ಲಿ ಜಾಗವೇ ಇರಲಿಲ್ಲ. ಬಚ್ಚಲುಮನೆಯನ್ನೇ ಹಾಡುಗಾರರು ನಿಲ್ಲುವ ಕೋಣೆಯಾಗಿ ಮಾಡಿಕೊಂಡಿದ್ದರು. ಡೈನಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೋದವರು ಬೇಡವೆಂದು ಮಾರಿದ ನಾಲ್ಕು ಟ್ರ್ಯಾಕಿನ ಮಿಕ್ಸರನ್ನು 1970ರ ದಶಕದ ಆರಂಭದಲ್ಲಿ ಕೊಂಡು ತಂದರು.

ನಾಲ್ಕೇ ಟ್ರ್ಯಾಕು! ಇಂದು ನಮ್ಮ ನಾಟಕದ ತಂಡದವರ ಬಳಿಯೂ ಅದಕ್ಕಿಂತ ದೊಡ್ಡ ಮಿಕ್ಸರ್ ಇರುತ್ತದೆ. ಬೇರೆಡೆ ಮುದ್ರಿಸಿದ ಟೇಪು ಅವರ ಕೈಗೆ ಬರುತ್ತಿತ್ತು. ಹೆಚ್ಚು ಕಡಿಮೆ ಒಂದರಲ್ಲಿ ಡ್ರಮ್, ಒಂದರಲ್ಲಿ ಬಾಸ್, ಒಂದರಲ್ಲಿ ಗಿಟಾರು-ಆರ್ಗನ್, ಒಂದರಲ್ಲಿ ದನಿ. ಟೇಪು ಓಡುತ್ತಿರುವಾಗಲೇ ಅವರ ಬೆರಳು ಫೇಡರ್ ಮೇಲೆ. ಗಿಟಾರು ಮಾಯ. ಎರಡು ಸುತ್ತು ಬರೀ ಬಾಸ್ ಮತ್ತು ಡ್ರಮ್. ಎಲ್ಲಿಂದಲೋ ಹಾಡುಗಾರರ ಒಂದು ಪದ ಇಣುಕಿ, ಬಾವಿಯೊಳಗೆ ಕೂಗಿದ ಹಾಗೆ ಮೊಳಗುತ್ತ ಮೊಳಗುತ್ತ ಕರಗಿಹೋಗುತ್ತದೆ. ಇದ್ದಕ್ಕಿದ್ದಂತೆ ಬಾಸೂ ನಿಲ್ಲುತ್ತದೆ. ಒಂದು ಕ್ಷಣ ಏನೂ ಇಲ್ಲ. ಮತ್ತೆ ದಢಾರನೆ ಎಲ್ಲವೂ ವಾಪಸು. ಮಾಡಿದ್ದೆಲ್ಲ ಅಲ್ಲೇ, ಆ ಕ್ಷಣದಲ್ಲೇ. ಅದೇ ಟೇಪನ್ನು ಮತ್ತೊಮ್ಮೆ ಮಿಕ್ಸ್ ಮಾಡಿದರೆ ಬೇರೆಯದೇ ಬರುತ್ತದೆ. ನಾವು ಸ್ಟುಡಿಯೋದಲ್ಲಿ ದಿನವೂ ಫೇಡರ್ ಎಳೆಯುವವರು. ಹಾಡು ಇಳಿಸಿ ಮಾತು ಏರಿಸುತ್ತೇವೆ, ಅಷ್ಟೇ. ಅದೇ ಸಾಧನ ಒಂದು ವಾದ್ಯವೂ ಆಗಬಹುದೆಂದು ಟಬ್ಬಿ ತೋರಿಸಿದರು.

ಆ ಪ್ರತಿಧ್ವನಿ ಬರುವುದು ಹೇಗೆಂದು ಕೇಳುವವರಿಗೆ ಎರಡು ಮಾತು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಒಂದು ಕಡೆ, ನುಡಿಸುವ ಹೆಡ್ ಸ್ವಲ್ಪ ಮುಂದೆ ಇರುತ್ತದೆ. ಟೇಪು ಒಂದರಿಂದ ಇನ್ನೊಂದಕ್ಕೆ ತಲುಪಲು ಹಿಡಿಯುವ ಅರೆಗಳಿಗೆಯೇ ವಿಳಂಬ. ಆ ತಡವಾದ ದನಿಯನ್ನು ಮತ್ತೆ ಮುದ್ರಿಸುವ ಹೆಡ್ಡಿಗೇ ಕಳಿಸಿದರೆ ದನಿ ತನ್ನ ಬಾಲವನ್ನು ತಾನೇ ಹಿಡಿಯಲು ಓಡುತ್ತದೆ. ಇನ್ನೊಂದು ‘ಸ್ಪ್ರಿಂಗ್ ರಿವರ್ಬ್’: ದನಿಯನ್ನು ತಂತಿಸುರುಳಿಯ ಮೂಲಕ ಹಾಯಿಸಿದರೆ ದೊಡ್ಡ ಗುಹೆಯಲ್ಲಿ ನುಡಿಸಿದಂತೆ ಕೇಳುತ್ತದೆ. ಆ ಪೆಟ್ಟಿಗೆಗೆ ಕೈಯಿಂದ ಒಂದು ಗುದ್ದು ಕೊಟ್ಟರೆ ಗುಡುಗು! ಹಳೆಯ ಡಬ್ ರಿಕಾರ್ಡಿನಲ್ಲಿ ಗುಡುಗು ಕೇಳಿಸಿದರೆ ಮಳೆ ಬಂತೆಂದುಕೊಳ್ಳಬೇಡಿ, ಯಾರೋ ಪೆಟ್ಟಿಗೆಗೆ ಹೊಡೆದರು ಎಂದುಕೊಳ್ಳಿ.

ಟಬ್ಬಿಯವರದು ಗಡಿಯಾರ ಬಿಚ್ಚುವವರ ಶಿಸ್ತು. ಲೀ ‘ಸ್ಕ್ರ್ಯಾಚ್’ ಪೆರ್ರಿ (1936-2021) ಅವರದು ಇದಕ್ಕೆ ಪೂರ್ತಿ ವಿರುದ್ಧ. 1973ರಲ್ಲಿ ಮನೆಯ ಹಿತ್ತಲಿನಲ್ಲಿ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಕಟ್ಟಿದರು. ಅಲ್ಲೂ ನಾಲ್ಕೇ ಟ್ರ್ಯಾಕು. ಹೊಸ ವಾದ್ಯಕ್ಕೆ ಜಾಗ ಮಾಡಲು ಹಳೆಯ ಟ್ರ್ಯಾಕುಗಳನ್ನು ಒಂದರೊಳಗೆ ಸೇರಿಸುತ್ತ ಹೋಗುತ್ತಿದ್ದರು. ಪ್ರತಿ ಸಲವೂ ದನಿ ಒಂದಿಷ್ಟು ಮಸುಕಾಗುತ್ತಿತ್ತು. ಆ ಮಸುಕೇ ಅವರ ಗುರುತಾಯಿತು. ಮ್ಯಾಕ್ಸ್ ರೋಮಿಯೋ ಅವರ ‘ವಾರ್ ಇನಾ ಬ್ಯಾಬಿಲನ್’ (1976), ಕಾಂಗೋಸ್ ತಂಡದ ‘ಹಾರ್ಟ್ ಆಫ್ ದ ಕಾಂಗೋಸ್’ (1977) ಕೇಳಿ, ನೀರಿನಡಿಯಿಂದ ಎದ್ದು ಬಂದ ಹಾಗಿರುತ್ತವೆ. ಕೊನೆಗೆ ಆ ಸ್ಟುಡಿಯೋ ಬೆಂಕಿಗೆ ಆಹುತಿಯಾಯಿತು. ಸುಟ್ಟದ್ದು ನಾನೇ ಎಂದು ಪೆರ್ರಿಯವರೇ ಹೇಳುತ್ತಿದ್ದರು. ಟಬ್ಬಿ, ಪೆರ್ರಿ ಇಬ್ಬರಲ್ಲಿ ಯಾರು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ. ನನ್ನ ಮತ ಟಬ್ಬಿಯವರಿಗೆ. ಕಡಿಮೆ ಮಾಡಿ ಹೆಚ್ಚು ಕೇಳಿಸುವುದು ಕಷ್ಟದ ಕೆಲಸ.

ದನಿ ತೆಗೆದ ಹಾಡಿನ ಮೇಲೆ ಮಾತಾಡಲು ಜಾಗ ಸಿಕ್ಕಿತಲ್ಲ, ಅದನ್ನು ಹಿಡಿದವರು ನಮ್ಮ ಕಸುಬಿನವರೇ, ಅನೌನ್ಸರ್‌ಗಳು! ಸೌಂಡ್ ಸಿಸ್ಟಮ್‌ನಲ್ಲಿ ರಿಕಾರ್ಡು ಹಾಕುವವರು ‘ಸೆಲೆಕ್ಟರ್’, ಮೈಕು ಹಿಡಿದು ಮಾತಾಡುವವರು ‘ಡೀಜೆ’. ಕೌಂಟ್ ಮಚೂಕಿ 1950ರ ದಶಕದಲ್ಲೇ ಇದನ್ನು ಶುರು ಮಾಡಿದ್ದರು. ಟಬ್ಬಿಯವರ ಸೌಂಡ್ ಸಿಸ್ಟಮ್‌ನಲ್ಲಿ ಮೈಕು ಹಿಡಿದಿದ್ದ ಯು-ರಾಯ್ (1942-2021) ಅದನ್ನು ರಿಕಾರ್ಡಿಗೆ ತಂದರು. 1970ರಲ್ಲಿ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಮೂರೂ ಸ್ಥಾನಗಳಲ್ಲಿ ಅವರೇ. ಪ್ಯಾರಗನ್ಸ್ ಹಾಡಿನ ಮೇಲೆ ಅವರು ಮಾತಾಡಿದ ‘ವೇರ್ ಯೂ ಟು ದ ಬಾಲ್’ ಕೇಳಿ. ಹಾಡುಗಾರರು ಬಾಯಿ ತೆರೆಯುವ ಮೊದಲೇ ಮಾತು ಮುಗಿಸಬೇಕೆಂದು ನಮಗೆ ಕಲಿಸುತ್ತಾರೆ. ಯು-ರಾಯ್ ಹಾಡುಗಾರರ ಜೊತೆಗೇ ಹರಟೆಗೆ ಇಳಿಯುತ್ತಾರೆ: ಸಾಲು ಮುಗಿಯುವ ಮುನ್ನ ಉತ್ತರ, ಉತ್ತರಕ್ಕೊಂದು ಕೇಕೆ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದ ಕೂಲ್ ಹರ್ಕ್ 1973ರ ಆಗಸ್ಟಿನಲ್ಲಿ ಬ್ರಾಂಕ್ಸ್‌ನಲ್ಲಿ ಮಾಡಿದ ಕೂಟವನ್ನು ಹಿಪ್-ಹಾಪ್ ಹುಟ್ಟಿದ ದಿನವೆಂದು ಹೇಳುವುದುಂಟು. ಅಂದರೆ ಇಂದಿನ ರ‍್ಯಾಪ್‌ಗೂ ಆ ಬಯಲಿಗೂ ಸಂಬಂಧವಿದೆ.

ಈಗ, ನೆನಪಿನಲ್ಲಿಡಿ ಎಂದಿದ್ದೆನಲ್ಲ, ಆ ಹೆಸರಿನ ವಿಷಯ.

ನಮ್ಮ ಭಜನೆ ಪುಸ್ತಕಗಳಲ್ಲಿ ಹಾಡಿನ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಹೆಸರು ಕೊಟ್ಟಿರುತ್ತಾರೆ. ಧಾಟಿ ಒಂದೇ, ಪದ ಬೇರೆ. ಜಮೈಕಾದಲ್ಲಿ ಇದಕ್ಕೆ ‘ರಿದಿಮ್’ ಎನ್ನುತ್ತಾರೆ. ಒಂದು ವ್ಯತ್ಯಾಸವಿದೆ: ಅಲ್ಲಿ ಧಾಟಿಯನ್ನಷ್ಟೇ ಅಲ್ಲ, ಎಷ್ಟೋ ಸಲ ಧ್ವನಿಮುದ್ರಿಕೆಯನ್ನೇ ಎತ್ತಿ ಬಳಸುತ್ತಾರೆ. ಸೌಂಡ್ ಡೈಮೆನ್ಷನ್ ಎಂಬ ವಾದ್ಯತಂಡ 1967ರಲ್ಲಿ ಸ್ಟುಡಿಯೋ ಒನ್‌ನಲ್ಲಿ ‘ರಿಯಲ್ ರಾಕ್’ ನುಡಿಸಿತು. ಹತ್ತು ವರ್ಷ ಕಳೆದ ಮೇಲೆ ಅದರ ಮೇಲೆಯೇ ವಿಲ್ಲಿ ವಿಲಿಯಮ್ಸ್ ‘ಆರ್ಮಗಿಡಿಯನ್ ಟೈಮ್’ ಹಾಡಿದರು. ಇದೇ ರಿದಿಮ್ ಮೇಲೆ ನೂರಕ್ಕೂ ಹೆಚ್ಚು ಹಾಡು ಬಂದಿವೆ. ಅದರ ಬಾಸ್ ನುಡಿಸಿದ್ದು ಯಾರು? ಕೆಲವರು ಲೆರಾಯ್ ಸಿಬಲ್ಸ್ ಎನ್ನುತ್ತಾರೆ, ಕೆಲವರು ಬೋರಿಸ್ ಗಾರ್ಡಿನರ್ ಎನ್ನುತ್ತಾರೆ. ಲೇಬಲ್ ನೋಡಿ ತಿಳಿಯೋಣವೆಂದರೆ ಅಲ್ಲಿ ಇರುವುದು ತಂಡದ ಹೆಸರು, ಸ್ಟುಡಿಯೋದ ಹೆಸರು. ಅರ್ಧ ಜಗತ್ತು ಕುಣಿದ ಒಂದು ಬಾಸ್ ಸಾಲಿಗೆ ಖಚಿತವಾದ ಒಡೆಯರಿಲ್ಲ!

ವಾದ್ಯಗಾರರಿಗೆ ಸಿಗುತ್ತಿದ್ದುದು ಆ ದಿನದ ಕೂಲಿ. ಬೆಳಿಗ್ಗೆ ಬಂದು ನಾಲ್ಕಾರು ಹಾಡಿಗೆ ನುಡಿಸಿ ಹಣ ತೆಗೆದುಕೊಂಡು ಹೋದರೆ ಮುಗಿಯಿತು. ಅದೇ ಟೇಪಿನಿಂದ ಮುಂದೆ ಎಷ್ಟು ವರ್ಷನ್ ಬಂದರೂ, ಎಷ್ಟು ಡೀಜೆಗಳು ಅದರ ಮೇಲೆ ಮಾತಾಡಿದರೂ, ಲಂಡನ್ನಿನಲ್ಲಿ ಎಷ್ಟು ಮಾರಿದರೂ ಅವರಿಗೆ ಮತ್ತೆ ಪಾಲು ಬರುವುದು ಅಪರೂಪ. ಟೇಪು ನಿರ್ಮಾಪಕರದು. ಕಾನೂನಾದರೂ ಇತ್ತೇ ಎಂದರೆ, ಬ್ರಿಟಿಷರ ಕಾಲದ 1911ರ ಕಾಯಿದೆ. ಜಮೈಕಾ ತನ್ನದೇ ಕಾಪಿರೈಟ್ ಕಾಯಿದೆ ಮಾಡಿಕೊಂಡದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಸ್ಕಾ, ರಾಕ್‌ಸ್ಟೆಡಿ, ರೆಗೆ, ಡಬ್ ಎಲ್ಲ ಆಗಿಹೋಗಿತ್ತು. 1985ರಲ್ಲಿ ಟಬ್ಬಿಯವರ ಶಿಷ್ಯ ಕಿಂಗ್ ಜಾಮಿ ಒಂದು ಪುಟ್ಟ ಕ್ಯಾಸಿಯೋ ಕೀಬೋರ್ಡಿನ ಸಿದ್ಧ ತಾಳವನ್ನೇ ಇಟ್ಟುಕೊಂಡು ‘ಸ್ಲೆಂಗ್ ಟೆಂಗ್’ ಮಾಡಿ ಗೆದ್ದ ಮೇಲೆ ದಿನಗೂಲಿಯ ಡ್ರಮ್ಮರ್, ಬಾಸ್ ವಾದಕರ ಆ ಕೆಲಸವೂ ಕಡಿಮೆಯಾಗುತ್ತ ಹೋಯಿತು. ಟಬ್ಬಿಯವರನ್ನು 1989ರ ಫೆಬ್ರವರಿಯಲ್ಲಿ ಅವರ ಮನೆಯ ಮುಂದೆಯೇ ಯಾರೋ ಗುಂಡಿಟ್ಟು ಕೊಂದರು. 2018ರಲ್ಲಿ ಯುನೆಸ್ಕೋ ರೆಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ನುಡಿಸಿದವರಲ್ಲಿ ಅನೇಕರು ಅಷ್ಟರಲ್ಲಿ ಇರಲಿಲ್ಲ.

ಹಾಗಾಗಿ ಹಿಂಬದಿ ಕೇಳುವಾಗ ನಾವು ಕೇಳುತ್ತಿರುವುದು ಲೇಬಲ್ಲಿನಲ್ಲಿ ಹೆಸರಿಲ್ಲದವರನ್ನು. ಮುಂಬದಿಯಲ್ಲಿ ಹಾಡುಗಾರರ ಹಿಂದೆ ಇದ್ದವರು, ಹಾಡುಗಾರರು ಸರಿದಾಗ ಎದುರಿಗೆ ಬರುತ್ತಾರೆ. ಕರ್ನಾಟಕ ಸಂಗೀತ ಕಚೇರಿಯ ತನಿ ಆವರ್ತನದಲ್ಲಿ ಮೃದಂಗದವರು ಎದುರಿಗೆ ಬರುತ್ತಾರಲ್ಲ, ಹಾಗೆ. ಅಲ್ಲಾದರೋ ವೇದಿಕೆ ಮೇಲೆ ಅವರ ಮುಖ ಕಾಣುತ್ತದೆ.

ಕೇಳುವುದು ಹೇಗೆ? ಮೊದಲನೆಯದು, ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ದನಿ ಬೆರಳುಗಾತ್ರದ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಡೊಂಬಿವಲಿಯ ಒಂದು ರೂಮಿನ ಮನೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟರೆ ಪಕ್ಕದವರು ಬಾಗಿಲು ಬಡಿಯುತ್ತಾರೆ ಎಂಬುದೂ ನಿಜವೇ. ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಸಾಕು. ಎರಡನೆಯದು, ಹಳೆಯ ಜಮೈಕಾ ರಿಕಾರ್ಡಿನಲ್ಲಿ ಗರಗರ ಸದ್ದು ಇರುತ್ತದೆ, ಬೇಸರಿಸಬೇಡಿ. ಅತಿಯಾಗಿ ತೊಳೆದ ಮರುಮುದ್ರಣಗಳಲ್ಲಿ ಗರಗರದ ಜೊತೆ ತಾಳದ ಚುರುಕೂ ಹೋಗಿರುತ್ತದೆ. 1993ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿದ್ದ ‘ಬ್ಲಡ್ ಅಂಡ್ ಫೈರ್’ ಸಂಸ್ಥೆ ಹೊರತಂದ ಪ್ರತಿಗಳು ಎಲ್ಲಾದರೂ ಸಿಕ್ಕರೆ ಬಿಡಬೇಡಿ, ನುಡಿಸಿದವರ ಹೆಸರು ಹುಡುಕಿ ಅಚ್ಚು ಹಾಕಿದವರು ಅವರು. ಮೂರನೆಯದು, ಅವರ ಪತ್ವಾ ಇಂಗ್ಲಿಷ್ ಅರ್ಥವಾಗಲಿಲ್ಲವೆಂದು ಹೆದರಬೇಡಿ. ಅದರಲ್ಲಿ ನಮ್ಮ ಪದವೂ ಒಂದಿದೆ: 1845ರಿಂದ ಕೂಲಿಗಳಾಗಿ ಅಲ್ಲಿಗೆ ಹೋದ ಭಾರತೀಯರ ಜೊತೆ ಹೋದ ‘ಗಾಂಜಾ’! ಬೇರೇನಾದರೂ ಒಳ್ಳೆಯದು ಕೊಡಬಹುದಿತ್ತು, ಇರಲಿ.

ಕಿವಿಗೆ ಎರಡು ಪಾಠ ಹೇಳಿ ಮುಗಿಸುತ್ತೇನೆ. ಮಾರ್ಲಿಯವರ ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ (1973) ಬಿಡುಗಡೆಯಾಗುವ ಮುನ್ನ, ರಾಕ್ ಕೇಳುವವರಿಗೆ ಹಿಡಿಸಲೆಂದು ಲಂಡನ್ನಿನಲ್ಲಿ ಅದಕ್ಕೆ ಬೇರೆ ಗಿಟಾರು, ಕೀಬೋರ್ಡು ಸೇರಿಸಿದರು. ಜಮೈಕಾದಲ್ಲಿ ಮುದ್ರಿಸಿದ ಮೂಲ ರೂಪ ಹೊರಬಂದದ್ದು 2001ರಲ್ಲಿ. ಈಗ ಎರಡೂ ಸಿಗುತ್ತವೆ. ಒಂದೇ ಹಾಡನ್ನು ಎರಡರಲ್ಲೂ ಕೇಳಿ, ಆಸ್ಟನ್ ಮತ್ತು ಕಾರ್ಲ್‌ಟನ್ ಬ್ಯಾರೆಟ್ ಸಹೋದರರ ಬಾಸ್, ಡ್ರಮ್ ಯಾವುದರಲ್ಲಿ ಹತ್ತಿರ ಬರುತ್ತವೆ ನೋಡಿ.

ಎರಡನೆಯದು ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯೂ ಸೋ’. ಬಾಯಲ್ಲಿ ಊದಿ ನುಡಿಸುವ ಮೆಲೊಡಿಕಾವನ್ನು, ಶಾಲಾ ಮಕ್ಕಳ ವಾದ್ಯವೆಂದು ಎಲ್ಲರೂ ಬಿಟ್ಟಿದ್ದುದನ್ನು, ರೆಗೆಗೆ ತಂದ ಅಗಸ್ಟಸ್ ಪ್ಯಾಬ್ಲೊ ಅದರ ನಿರ್ಮಾಪಕರು. ಸರಳವಾದ ಪ್ರೇಮದ ಹಾಡು. ಎರಡು ಸಲ ಕೇಳಿ, ಗುನುಗುವಷ್ಟಾಗಲಿ. ಆಮೇಲೆ ಅದರ ಹಿಂಬದಿ ಹಾಕಿ: ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’. ಮಿಲ್ಲರ್ ಅವರ ದನಿ ಒಂದೆರಡು ಚೂರಾಗಿ ಬಂದು ಕತ್ತಲೆಗೆ ಜಾರಿಹೋಗುತ್ತದೆ. ಡ್ರಮ್ಮು ಉರುಳಿ ಬರುತ್ತದೆ, ನಿಲ್ಲುತ್ತದೆ. ಆ ನಿಂತ ಕಡೆ ನಿಮ್ಮ ಬಾಯಲ್ಲಿ ಹಾಡಿನ ಮುಂದಿನ ಸಾಲು ತಾನಾಗಿ ಬರುತ್ತದೆಯೇ, ನೋಡಿ. ಸ್ಪ್ಯಾನಿಷ್ ಟೌನ್‌ನ ಬಯಲಿನಲ್ಲಿ ಆ ರಾತ್ರಿ ಆದದ್ದು ಅದೇ.